ಆರು ಸಾವಿರ ಜನರ ಊರಿನ ಐಸ್ ಹಾಕಿ ತಂಡ

ಪ್ರಶ್ನೆ: ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತದ ಹಂಬೋಲ್ಟ್ ಎಂಬ ಊರಿನ ಜನಸಂಖ್ಯೆ ಸುಮಾರು ಆರು ಸಾವಿರ ಎಂದು ಓದಿದೆ. ಇಷ್ಟು ಚಿಕ್ಕ ಊರು ದೇಶವೇ ಬಲ್ಲ ಐಸ್ ಹಾಕಿ ತಂಡವನ್ನು ಹೇಗೆ ಸಾಕುತ್ತದೆ? ಆಟಗಾರರೆಲ್ಲ ಅಲ್ಲಿಯವರೇ?

ಉತ್ತರ: ಅಲ್ಲ, ಹೆಚ್ಚಿನವರು ಹೊರಗಿನವರು. 1970ರಲ್ಲಿ ಹುಟ್ಟಿದ ಹಂಬೋಲ್ಟ್ ಬ್ರಾಂಕೋಸ್ ತಂಡ ಸಸ್ಕ್ಯಾಚೆವಾನ್ ಜೂನಿಯರ್ ಹಾಕಿ ಲೀಗಿನಲ್ಲಿ ಆಡುತ್ತದೆ. ಅದರ ಆಟಗಾರರು 16ರಿಂದ 20 ವರ್ಷದೊಳಗಿನ ಹುಡುಗರು. ದೂರದ ಊರುಗಳಿಂದ ಬಂದ ಇವರನ್ನು ಸ್ಥಳೀಯ ಕುಟುಂಬಗಳು ತಮ್ಮ ಮನೆಯಲ್ಲಿಟ್ಟುಕೊಂಡು, ಊಟ ಹಾಕಿ, ಆಟದ ಋತು ಮುಗಿಯುವವರೆಗೆ ಮನೆಮಕ್ಕಳಂತೆ ನೋಡಿಕೊಳ್ಳುತ್ತವೆ. ಅಲ್ಲಿ ಇಂಥ ಮನೆಗಳಿಗೆ ‘ಬಿಲೆಟ್’ ಎನ್ನುತ್ತಾರೆ. ಆದ್ದರಿಂದ ನೀವು ಬಳಸಿದ ‘ಸಾಕುತ್ತದೆ’ ಎಂಬ ಮಾತು ಅಕ್ಷರಶಃ ಸರಿ.

ಹಣದ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ತಂಡ ಯಾವುದೋ ಒಬ್ಬ ಧನಿಕನ ಸ್ವತ್ತಲ್ಲ, ಊರಿನದು. ಟಿಕೆಟ್ಟು, ಅಂಗಡಿಗಳ ಜಾಹೀರಾತು, ಅದೃಷ್ಟಚೀಟಿ ಮತ್ತು ಸ್ವಯಂಸೇವಕರ ದುಡಿಮೆ ಇದನ್ನು ನಡೆಸುತ್ತವೆ. ಗೋಧಿಯ ಕಟಾವು ಮುಗಿದು, ಪ್ರೇರಿ ಬಯಲೆಲ್ಲ ಹಿಮದಡಿ ಸೇರಿದ ಮೇಲೆ, ಇಡೀ ಊರು ಒಂದು ಸೂರಿನಡಿ ಕೂಡಲು ಉಳಿಯುವ ಜಾಗಗಳಲ್ಲಿ ಮುಖ್ಯವಾದದ್ದು ಈ ಮಂಜುಗಟ್ಟೆಯ ಅಂಗಳವೇ. 200 ಅಡಿ ಉದ್ದ, 85 ಅಡಿ ಅಗಲದ ಆ ಅಂಗಳದಲ್ಲಿ ಬೆಳಗ್ಗೆ ಪುಟ್ಟ ಮಕ್ಕಳು ಸ್ಕೇಟಿಂಗ್ ಕಲಿಯುತ್ತಾರೆ, ರಾತ್ರಿ ದೊಡ್ಡವರು ಆಡುತ್ತಾರೆ. ಬ್ರಾಂಕೋಸ್ ಈ ಏಣಿಯ ಮೇಲಿನ ಮೆಟ್ಟಿಲು ಮಾತ್ರ. ಆದರೂ 2003 ಮತ್ತು 2008ರಲ್ಲಿ ಜೂನಿಯರ್ ‘ಎ’ ದರ್ಜೆಯ ರಾಷ್ಟ್ರೀಯ ಪ್ರಶಸ್ತಿಯಾಗಿದ್ದ ರಾಯಲ್ ಬ್ಯಾಂಕ್ ಕಪ್ ಗೆದ್ದಿದೆ.

ಈ ವ್ಯವಸ್ಥೆಯ ಕಷ್ಟವಿರುವುದು ದಾರಿಯಲ್ಲಿ. ಎದುರಾಳಿ ಊರುಗಳು ಬಹುದೂರ. ಚಳಿಗಾಲವಿಡೀ ಬಸ್ಸಿನಲ್ಲೇ ಓಡಾಟ. 2018ರ ಏಪ್ರಿಲ್ 6ರಂದು ನಿಪಾವಿನ್ ಊರಿನಲ್ಲಿ ಪ್ಲೇಆಫ್ ಪಂದ್ಯ ಆಡಲು ಹೊರಟಿದ್ದ ಬ್ರಾಂಕೋಸ್ ಬಸ್ಸು ಹೆದ್ದಾರಿಗಳ ಕೂಡುದಾರಿಯಲ್ಲಿ ಲಾರಿಗೆ ಡಿಕ್ಕಿಯಾಗಿ, ಅದರಲ್ಲಿದ್ದ 29 ಮಂದಿಯಲ್ಲಿ 16 ಜನ ತೀರಿಕೊಂಡರು, ಉಳಿದ 13 ಜನ ಗಾಯಗೊಂಡರು. ಹೆತ್ತವರಷ್ಟೇ ಅಲ್ಲ, ಉಣ್ಣಲಿಟ್ಟ ಮನೆಯವರೂ ಮಕ್ಕಳನ್ನು ಕಳೆದುಕೊಂಡಂತಾಯಿತು. ಕೆನಡಾದ ಉದ್ದಗಲಕ್ಕೂ ಜನ ಐಸ್ ಹಾಕಿ ಆಡುವ ಕೋಲುಗಳನ್ನು ಮನೆಬಾಗಿಲ ಹೊರಗೆ ಇಟ್ಟು ಶೋಕ ಸೂಚಿಸಿದರು.

ಅದೇ ವರ್ಷ ಸೆಪ್ಟೆಂಬರ್ 12ರಂದು ಹಂಬೋಲ್ಟಿನ ಎಲ್ಗರ್ ಪೀಟರ್ಸನ್ ಅರೀನಾದಲ್ಲಿ, ನಿಪಾವಿನ್ ತಂಡದ ಎದುರಿಗೇ, ಬ್ರಾಂಕೋಸ್ ಹೊಸ ಋತುವಿನ ಮೊದಲ ಪಂದ್ಯಕ್ಕೆ ಇಳಿಯಿತು, 1–2ರಿಂದ ಸೋತಿತು.