ಕ್ಯಾಮೆರಾದ ಗುಪ್ತ ಮೆನುವಿಗೆ ಕೈ ಹಾಕಬಹುದಾ?

ಪ್ರಶ್ನೆ: ಮದುವೆ ಫೋಟೊ ತೆಗೆಯುವವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಲುಮಿಕ್ಸ್ ಜಿ85 ಕೊಂಡಿದ್ದೇನೆ. ಎಷ್ಟು ಓಡಿದೆ ಅಂತ ತಿಳಿಯಬೇಕು. ಮೂರ್ನಾಲ್ಕು ಬಟನ್ ಒಟ್ಟಿಗೆ ಒತ್ತಿದರೆ ಸರ್ವಿಸ್ ಮೆನುವಿನಲ್ಲಿ ಶಟರ್ ಕೌಂಟ್ ಕಾಣುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಒತ್ತಲಾ?
– ಒಬ್ಬ ಓದುಗರು, ಹಾಸನ

ಉತ್ತರ: ಬೇಡ. ಲೆಕ್ಕ ನೋಡುವುದರಲ್ಲಿ ತಪ್ಪೇನಿಲ್ಲ, ಆದರೆ ಅದು ಇರುವ ಸರ್ವಿಸ್ ಮೆನು ರಿಪೇರಿಯವರಿಗೆ ಅಂತ ಮಾಡಿದ್ದು, ನಮಗೆ ಅಂತ ಅಲ್ಲ. ಶಟರ್ (ಫೋಟೊ ತೆಗೆಯುವಾಗ ತೆರೆದು ಮುಚ್ಚುವ ಪರದೆ) ಎಷ್ಟು ಸಲ ಬಿದ್ದಿದೆ, ಕ್ಯಾಮೆರಾ ಎಷ್ಟು ಸಲ ಆನ್ ಆಗಿದೆ ಎನ್ನುವುದರ ಪಕ್ಕದಲ್ಲೇ, ಒಂದೆರಡು ಬಟನ್ ಆಚೆಗೆ, ಎಲ್ಲವನ್ನೂ ಅಳಿಸುವ ಆಯ್ಕೆಯೂ ಇರಬಹುದು. ಅಳಿಸುವ ಮೊದಲು ಅದು ನಿಮ್ಮನ್ನು ಕೇಳುತ್ತದೆ ಅಂತ ನಂಬಿಕೊಳ್ಳಬೇಡಿ.

ಅಳಿಸಿದರೆ ಏನು ಹೋಗುತ್ತದೆ? ಕಾರ್ಖಾನೆಯಲ್ಲಿ ಪ್ರತಿ ಕ್ಯಾಮೆರಾವನ್ನೂ ಬೇರೆಬೇರೆಯಾಗಿ ಅಳೆದು, ಸೆನ್ಸರ್‌ನಲ್ಲಿ ಯಾವ ಪಿಕ್ಸೆಲ್ ಕೆಟ್ಟಿದೆ, ಕೈ ನಡುಕ ತಡೆಯಲು ಅಲುಗಾಟ ಅಳೆಯುವ ಗೈರೊ ಕ್ಯಾಮೆರಾ ಅಲುಗಾಡದೆ ಇದ್ದಾಗ ಎಷ್ಟು ತೋರಿಸುತ್ತದೆ, ಬಿಳಿ ಬಿಳಿಯಾಗಿಯೇ ಕಾಣಲು ಕೆಂಪು ನೀಲಿಯನ್ನು ಎಷ್ಟು ಹೆಚ್ಚಿಸಬೇಕು ಎಂಬ ಅಂಕಿಗಳನ್ನೆಲ್ಲ ಅದರ ಮೆಮೊರಿಯಲ್ಲಿ ಬರೆದಿರುತ್ತಾರೆ. ಒಂದೇ ಮಾಡೆಲ್‌ನ ಎರಡು ಕ್ಯಾಮೆರಾಗಳಲ್ಲೂ ಇವು ಒಂದೇ ಇರಲ್ಲ. ಹಾಗಾಗಿ ಗೆಳೆಯನ ಕ್ಯಾಮೆರಾ ನೋಡಿ ತುಂಬಿಸಲು ಬರುವುದಿಲ್ಲ. ಗೈರೊದ ಅಂಕಿ ಕೆಟ್ಟರೆ ಟ್ರೈಪಾಡ್ ಮೇಲೆ ಇಟ್ಟರೂ ಚಿತ್ರ ಮೆಲ್ಲಗೆ ಒಂದು ಕಡೆಗೆ ಜಾರುತ್ತದೆ. ಸರಿಮಾಡಲು ಸರ್ವಿಸ್ ಸೆಂಟರ್‌ನ ಅಳತೆ ಸಲಕರಣೆಗಳೇ ಬೇಕು. ನಾವು ಮಾಮೂಲಿ ಮೆನುವಿನಲ್ಲಿ ಮಾಡುವ ರೀಸೆಟ್ ಈ ಅಂಕಿಗಳನ್ನು ಮುಟ್ಟುವುದಿಲ್ಲ, ಅದಕ್ಕೇ ಅದು ಸುರಕ್ಷಿತ.

ನಿಮಗೆ ಬೇಕಾಗಿರುವುದು ಶಟರ್ ಚೆನ್ನಾಗಿದೆಯಾ ಅಂತ ತಾನೇ? ಶಟರ್ ಟೈಪ್ ಅನ್ನು ಮೆಕ್ಯಾನಿಕಲ್‌ಗೆ ಹಾಕಿ, 1/4000 ಸೆಕೆಂಡಿನಲ್ಲಿ ಹಗಲು ಹೊತ್ತು ಬರೀ ಆಕಾಶದ ಹತ್ತಾರು ಫೋಟೊ ತೆಗೆಯಿರಿ. ಫ್ರೇಮಿನ ಒಂದು ಬದಿ ಕಪ್ಪಾಗಿದ್ದರೆ, ಅಥವಾ ಒಂದು ಫೋಟೊ ಬೆಳಕಾಗಿ ಇನ್ನೊಂದು ಮಂಕಾಗಿ ಬಂದರೆ ಶಟರ್ ಪರದೆ ಸವೆದಿರಬಹುದು. ನನ್ನ ಪ್ರಕಾರ ಬರೀ ಸಂಖ್ಯೆಗಿಂತ ಈ ಪರೀಕ್ಷೆಯೇ ಮೇಲು. ಕತ್ತಲ ಫೋಟೊದಲ್ಲಿ ಕೆಂಪು, ನೀಲಿ ಚುಕ್ಕೆ ಕಂಡರೆ ಅದನ್ನು ಸರಿಪಡಿಸುವ ಪಿಕ್ಸೆಲ್ ರಿಫ್ರೆಶ್ ಮಾಮೂಲಿ ಮೆನುವಿನಲ್ಲೇ ಇದೆ, ಬಳಸಿ. ಸಂಖ್ಯೆಯೇ ಬೇಕು ಅಂದರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ನೋಡಿ.

ನಿಕಾನ್, ಪೆಂಟ್ಯಾಕ್ಸ್ ಡಿಎಸ್‌ಎಲ್‌ಆರ್ ಇರುವವರಿಗೆ ಈ ತಲೆನೋವೇ ಇಲ್ಲ. ಪ್ರತಿ ಫೋಟೊ ಫೈಲಿನಲ್ಲೇ ಲೆಕ್ಕ ಇರುತ್ತದೆ, ಎಕ್ಸಿಫ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ತೋರಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಮಾತ್ರ ಆಗದು, ಮೂಲ ಫೈಲೇ ಬೇಕು. ನಿಕಾನ್ ಡಿ7200ರ ಶಟರನ್ನು ಕಂಪನಿ 1,50,000 ಸಲದವರೆಗೆ ಪರೀಕ್ಷಿಸಿದೆ, ಬಂದ ಲೆಕ್ಕವನ್ನು ಅದಕ್ಕೆ ಹೋಲಿಸಿ ನೋಡಬಹುದು.

ಪ್ರಶ್ನೆ: ಅಣ್ಣ ಜಪಾನಿನಿಂದ ಸೋನಿ ಎ6400 ತಂದುಕೊಟ್ಟ. ಮೆನು ಪೂರ್ತಿ ಜಪಾನಿ ಭಾಷೆಯಲ್ಲಿದೆ. ಸರ್ವಿಸ್ ಸಾಫ್ಟ್‌ವೇರ್ ಹಾಕಿ ಇಂಗ್ಲಿಷ್ ಮಾಡಿಕೊಡುತ್ತೇನೆ ಎಂದು ಅಂಗಡಿಯವರೊಬ್ಬರು ಹೇಳುತ್ತಿದ್ದಾರೆ.
– ಒಬ್ಬ ಓದುಗರು, ಮೈಸೂರು

ಉತ್ತರ: ಕೊಡಬೇಡಿ ಮೇಡಂ. ಎಲ್ಲಿಂದಲೋ ಸಿಕ್ಕಿದ ಸಾಫ್ಟ್‌ವೇರ್ ಕ್ಯಾಮೆರಾದ ಒಳ ಮೆಮೊರಿಗೇ ಬರೆಯುತ್ತದೆ. ಬರೆಯುವಾಗ ಕೇಬಲ್ ಕಿತ್ತುಬಂದರೆ, ಬ್ಯಾಟರಿ ಸತ್ತರೆ ಕ್ಯಾಮೆರಾ ಆನ್ ಆಗದೇ ಹೋಗಬಹುದು. ಕ್ಯಾನನ್ ಪವರ್‌ಶಾಟ್‌ಗಳಿಗೆ ಹೊಸ ಸೌಲಭ್ಯ ಸೇರಿಸುವ ಸಿಎಚ್‌ಡಿಕೆ ಎಂಬ ಸಾಫ್ಟ್‌ವೇರ್ ಹಾಗಲ್ಲ, ಅದು ಮೆಮೊರಿ ಕಾರ್ಡ್‌ನಲ್ಲೇ ಇದ್ದು ನಡೆಯುತ್ತದೆ. ಹಳೆಯ ಕೆಲವು ಸೋನಿಗಳ ಭಾಷೆ ಬದಲಿಸುವ ಓಪನ್‌ಮೆಮೊರೀಸ್ ಟ್ವೀಕ್ ಎಂಬ ಆ್ಯಪ್ ನಿಮ್ಮ ಮಾಡೆಲ್‌ಗೆ ಬರುವುದಿಲ್ಲ. ಸೋನಿಯ ಇಂಗ್ಲಿಷ್ ಹೆಲ್ಪ್ ಗೈಡ್ ಇಂಟರ್‌ನೆಟ್‌ನಲ್ಲಿ ಉಚಿತ, ಪಕ್ಕದಲ್ಲಿಟ್ಟುಕೊಂಡು ಫೋನಿನ ಗೂಗಲ್ ಲೆನ್ಸ್‌ನಿಂದ ಒಂದೊಂದೇ ಪುಟ ಓದಿ. ಜಾಸ್ತಿ ಬಳಸುವ ಆಯ್ಕೆಗಳನ್ನೆಲ್ಲ ಮೈ ಮೆನುಗೆ ಸೇರಿಸಿಬಿಟ್ಟರೆ ಉಳಿದ ಪುಟಗಳಿಗೆ ಹೋಗುವ ಕೆಲಸವೇ ಕಡಿಮೆ.