ಹೋಗಿ, ಎರಡಕ್ಕೂ ಹೋಗಿ

ನಿಮ್ಮ ಪ್ರಶ್ನೆ ಓದಿದೆ. ನ್ಯೂಯಾರ್ಕಿಗೆ ಬಂದು ಇನ್ನೂ ಕೆಲವೇ ತಿಂಗಳು, ಆಫೀಸಿನ ಗೆಳತಿ ಯಹೂದಿ, ರಾತ್ರಿ ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುತ್ತಾಳೆ, ವಾರಾಂತ್ಯ ಚುನಾವಣಾ ಪ್ರಚಾರಕ್ಕೆ ಓಡುತ್ತಾಳೆ, ಎರಡಕ್ಕೂ ನನ್ನನ್ನು ಕರೆಯುತ್ತಿದ್ದಾಳೆ, ಹೋಗಬಹುದಾ, ವೀಸಾಗೆ ತೊಂದರೆ ಆಗುತ್ತಾ, ಅವಳ ಯಹೂದಿ ಜೋಕಿಗೆ ನಾನು ನಗಬಹುದಾ ಅಂತ ಕೇಳಿದ್ದೀರಿ. ಹೋಗಿ. ಈ ದೇಶ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆ ದಾರಿ ನನಗಂತೂ ಗೊತ್ತಿಲ್ಲ.

ಮೊದಲು ವೀಸಾ ವಿಷಯ ಮುಗಿಸೋಣ. ಎಚ್‌-1ಬಿ ಉದ್ಯೋಗ ವೀಸಾ ಮೇಲಿರುವವರು ಪ್ರಚಾರಕ್ಕೆ ಒಂದು ಡಾಲರ್ ಕೂಡ ಕೊಡುವ ಹಾಗಿಲ್ಲ. ಅಭ್ಯರ್ಥಿಯ ಹೆಸರಿನ ಟೀ ಶರ್ಟ್ ಕೊಂಡರೂ ಅದು ದೇಣಿಗೆ ಲೆಕ್ಕವೇ. ಸಂಬಳ ಇಲ್ಲದೆ ಮತ ಕೇಳಲು ಮನೆಮನೆ ಬಾಗಿಲು ತಟ್ಟುವುದಕ್ಕೆ, ಫೋನ್ ಮಾಡುವುದಕ್ಕೆ ಚುನಾವಣಾ ಕಾನೂನಿನ ಅಡ್ಡಿ ಇಲ್ಲ. ಆದರೆ ಹಣ ಎಲ್ಲಿ ಖರ್ಚು ಮಾಡಬೇಕು ಅನ್ನುವಂಥ ತೀರ್ಮಾನಗಳಿಂದ ದೂರ ಇರಿ. ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಓಪನ್ ಮೈಕ್‌ನಲ್ಲಿ ನೀವೂ ಮೈಕ್ ಹಿಡಿಯಬಹುದು, ಹಣ ತೆಗೆದುಕೊಂಡರೆ ಮಾತ್ರ ಅದು ಕೆಲಸ ಆಗುತ್ತದೆ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲಿ ಮತದಾರರ ಪಟ್ಟಿಗೆ ಸೇರಿಸಬೇಕಾ ಅಂತ ಒಂದು ಪ್ರಶ್ನೆ ಬರುತ್ತದೆ, ಅದಕ್ಕೆ ಅಪ್ಪಿತಪ್ಪಿಯೂ ಹೌದು ಅನ್ನಬೇಡಿ, ಮುಂದೆ ಗ್ರೀನ್ ಕಾರ್ಡಿಗೇ ಕುತ್ತು. ಇತ್ತೀಚೆಗೆ ವೀಸಾದವರ ರಾಜಕೀಯ ಮಾತಿನ ಮೇಲೆ ಸರ್ಕಾರದ ಕಣ್ಣು ಜಾಸ್ತಿಯಾಗಿದೆ, ಹಾಗಾಗಿ ವಕೀಲರನ್ನು ಒಂದು ಮಾತು ಕೇಳಿಕೊಂಡೇ ಹೊರಡಿ.

ಇನ್ನು ಅವಳ ವಿಷಯ. ಯಹೂದಿತನ, ಕಾಮಿಡಿ, ಪ್ರಚಾರ, ಈ ಮೂರೂ ಬೇರೆ ಬೇರೆ ಅಂತ ನಿಮಗೆ ಅನ್ನಿಸಿದೆ. ನನಗೆ ಹಾಗೆ ಕಾಣುವುದಿಲ್ಲ. ಒಂದು ಕಾಲದಲ್ಲಿ ಇಲ್ಲಿನ ಎಷ್ಟೋ ಹೋಟೆಲು, ಕ್ಲಬ್ಬುಗಳು ಯಹೂದಿಗಳನ್ನು ಒಳಗೇ ಬಿಡುತ್ತಿರಲಿಲ್ಲ. ಅವರು ನ್ಯೂಯಾರ್ಕಿನ ಉತ್ತರಕ್ಕಿರುವ ಕ್ಯಾಟ್‌ಸ್ಕಿಲ್ಸ್ ಬೆಟ್ಟಗಳಲ್ಲಿ ತಮ್ಮದೇ ಹೋಟೆಲು ಕಟ್ಟಿಕೊಂಡರು, ಬೇಸಿಗೆ ಕಳೆಯಲು ಬಂದವರನ್ನು ರಾತ್ರಿ ನಗಿಸಲು ಹುಡುಗರು ಬೇಕಾದರು, ಮುಂದೆ ಕಾಮಿಡಿ ಸಿನಿಮಾಗಳಿಂದ ಹೆಸರಾದ ಮೆಲ್ ಬ್ರೂಕ್ಸ್ ಅಂಥವರು ಪಳಗಿದ್ದು ಅಲ್ಲೇ. ಬೇಡ ಅಂದವರ ಮುಂದೆ ಸುಮ್ನೆ ಕೂರದೆ ಬಾಯಿ ಬಿಟ್ಟು ಮಾತಾಡುವ ಗುಣ ಅದು. 1964ರಲ್ಲಿ ಲೆನ್ನಿ ಬ್ರೂಸ್ ಎಂಬ ಯಹೂದಿ ಕಾಮಿಡಿಯನ್‌ಗೆ ವೇದಿಕೆ ಮೇಲೆ ಆಡಿದ ಮಾತಿಗೆ ಇದೇ ನ್ಯೂಯಾರ್ಕಿನ ಕೋರ್ಟು ಶಿಕ್ಷೆ ಕೊಟ್ಟಿತು, ಕ್ಷಮೆ ಸಿಕ್ಕಿದ್ದು 2003ರಲ್ಲಿ, ಅವರು ಸತ್ತು ಎಷ್ಟೋ ವರ್ಷಗಳ ಮೇಲೆ. ಅದೇ 1964ರಲ್ಲಿ ನ್ಯೂಯಾರ್ಕಿನ ಇಬ್ಬರು ಯಹೂದಿ ಹುಡುಗರು, ಆಂಡ್ರ್ಯೂ ಗುಡ್‌ಮನ್ ಮತ್ತು ಮೈಕೆಲ್ ಶ್ವರ್ನರ್, ಕಪ್ಪು ಜನರ ಮತದ ಹಕ್ಕಿಗಾಗಿ ಮಿಸಿಸಿಪ್ಪಿಗೆ ಹೋಗಿದ್ದರು. ಅಲ್ಲಿಯವನೇ ಆದ ಜೇಮ್ಸ್ ಚೇನಿ ಜೊತೆ ಅವರನ್ನು ಜೂನ್‌ನಲ್ಲಿ ಕೊಂದು ಮಣ್ಣಲ್ಲಿ ಹೂತರು. ಮೂವರಿಗೂ ಇಪ್ಪತ್ತೈದು ತುಂಬಿರಲಿಲ್ಲ. ಈ ಹೆಸರುಗಳನ್ನು ಇಲ್ಲಿ ಎಷ್ಟೋ ಯಹೂದಿ ಮನೆಗಳಲ್ಲಿ ಕೇಳುತ್ತಾ ಬೆಳೆಯುತ್ತಾರೆ. ಮಾಸ್ಟರ್ ಹಿರಣ್ಣಯ್ಯ ವೇದಿಕೆ ಮೇಲೆ ಮಂತ್ರಿಗಳನ್ನು ಜಾಡಿಸುತ್ತಿದ್ದುದನ್ನು ನೋಡಿದ ನಮಗೆ, ನಗುವೂ ರಾಜಕೀಯವೂ ಒಟ್ಟಿಗೆ ಬರುವುದು ಹೊಸದೇನಲ್ಲ ಅಲ್ವಾ?

ಬಾಗಿಲು ತಟ್ಟಿ ಏನು ಪ್ರಯೋಜನ ಅನ್ನುವವರಿಗೆ ನಾನು ಹೇಳುವುದು ಒಂದೇ. ಅಲ್ ಫ್ರಾಂಕನ್, ಅವರೂ ಯಹೂದಿ, ಅವರೂ ಕಾಮಿಡಿಯಿಂದ ಬಂದವರು, 2008ರಲ್ಲಿ ಇಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಚುನಾವಣೆಯಲ್ಲಿ ಮಿನ್ನೆಸೋಟಾದಲ್ಲಿ ಗೆದ್ದದ್ದು 312 ಮತಗಳಿಂದ.

ನಾನು ಪಕ್ಕದ ಮನೆಯ ಗೆಳತಿ ಜೊತೆ ಬಸ್ಸಿನಲ್ಲಿ ಪೆನ್ಸಿಲ್ವೇನಿಯಾಕ್ಕೆ ಪ್ರಚಾರಕ್ಕೆ ಹೋಗುತ್ತಿರುತ್ತೇನೆ. ಕೈಯಲ್ಲಿ ಮನೆ ನಂಬರುಗಳ ಪಟ್ಟಿ, ಹೆಗಲಲ್ಲಿ ಕರಪತ್ರ. ಬಾಗಿಲು ತಟ್ಟಿ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಕರಪತ್ರವನ್ನು ಅಂಚೆ ಡಬ್ಬಿಗೆ ಹಾಕಬಾರದು, ಅದು ಕಾನೂನಿಗೆ ವಿರುದ್ಧ, ಬಾಗಿಲ ಹಿಡಿಗೆ ಸಿಕ್ಕಿಸಬೇಕು. ಕೆಲವು ಮನೆಗಳ ಬಾಗಿಲ ಚೌಕಟ್ಟಿನಲ್ಲಿ ಬಲಗಡೆ ಬೆರಳುದ್ದದ ಡಬ್ಬಿಯೊಂದನ್ನು ಓರೆಯಾಗಿ ಹೊಡೆದಿರುತ್ತಾರೆ. ಅದು ಯಹೂದಿ ಮನೆಯ ಗುರುತಾದ ಮೆಜುಜಾ, ಒಳಗೆ ಧರ್ಮಗ್ರಂಥದ ಸಾಲು ಬರೆದ ಚರ್ಮದ ಸುರುಳಿ ಇರುತ್ತದೆ. ಶನಿವಾರ ಹಗಲು ಅಂಥ ಬಾಗಿಲು ಕಂಡರೆ ನನ್ನ ಗೆಳತಿ ಬೆಲ್ ಒತ್ತುವುದಿಲ್ಲ, ಭಾನುವಾರದ ಪಟ್ಟಿಗೆ ಬರೆದುಕೊಳ್ಳುತ್ತಾಳೆ, ಯಾಕೆಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವ ತನಕ ಮಡಿವಂತ ಯಹೂದಿಗಳಿಗೆ ವಿಶ್ರಾಂತಿ ದಿನ. ಅವಳು ಸ್ವತಃ ಅದನ್ನು ಪಾಲಿಸುವವಳಲ್ಲ, ಆದರೂ ಬಿಡದೆ ಹೀಗೆ ಮಾಡುತ್ತಾಳೆ. ನನಗೆ ಅವಳ ಮೇಲಿನ ಗೌರವ ಬೆಳೆದದ್ದು ಇಂಥದ್ದರಿಂದಲೇ.

ನಗುವ ವಿಷಯಕ್ಕೆ ಬಂದರೆ, ನಿಮ್ಮ ಗೆಳತಿ ತನ್ನ ಅಮ್ಮನ ಬಗ್ಗೆ, ತನ್ನವರ ಬಗ್ಗೆ ಜೋಕು ಹೇಳಿದರೆ ಧಾರಾಳವಾಗಿ ನಗಿ, ನಗಲಿ ಅಂತಲೇ ಬರೆದದ್ದು. ಅದೇ ಜೋಕನ್ನು ಮರುದಿನ ಆಫೀಸಿನಲ್ಲಿ ನೀವು ಹೇಳಬೇಡಿ. 2018ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗಿನ ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಒಬ್ಬ ನುಗ್ಗಿ 11 ಜನರನ್ನು ಗುಂಡಿಟ್ಟು ಕೊಂದ. ಇವತ್ತಿಗೂ ಎಷ್ಟೋ ಸಿನಗಾಗ್‌ಗಳ ಬಾಗಿಲಲ್ಲಿ ಕಾವಲು ಇರುತ್ತದೆ. ಆ ಭಯ ಇಟ್ಟುಕೊಂಡೇ ಅವಳು ವೇದಿಕೆ ಹತ್ತುವುದು. ಇಸ್ರೇಲ್ ಸರ್ಕಾರ ಮಾಡಿದ್ದಕ್ಕೆಲ್ಲ ಅವಳಿಂದ ಉತ್ತರ ಕೇಳುವುದೂ ಸರಿಯಲ್ಲ. ಅವರ ಮನೆಗಳಲ್ಲೇ ಆ ಬಗ್ಗೆ ದೊಡ್ಡ ಜಗಳ ನಡೆಯುತ್ತಿದೆ. ಅವಳಾಗಿ ಮಾತು ತೆಗೆದರೆ ಕೇಳಿಸಿಕೊಳ್ಳಿ, ನಿಮಗೆ ಅನ್ನಿಸಿದ್ದನ್ನು ನೇರವಾಗಿ ಹೇಳಿ.

ಮೊದಲು ಓಪನ್ ಮೈಕ್‌ಗೆ ಹೋಗಿ, ಅದು ಸುಲಭ. ಗುರುತಿನ ಚೀಟಿ ಇಟ್ಟುಕೊಳ್ಳಿ. ಕೆಲವು ಕಡೆ ಏನಾದರೂ ಕುಡಿಯಲು ಕೊಳ್ಳಲೇಬೇಕು, ಸೋಡಾ ಆದರೂ ನಡೆಯುತ್ತದೆ. ಅವಳಿಗೆ ಸಿಗುವುದು ನಾಲ್ಕೈದು ನಿಮಿಷ ಅಷ್ಟೆ, ಹಿಂದಿನಿಂದ ಲೈಟು ತೋರಿಸಿದರೆ ಮುಗಿಸಬೇಕು, ಆದ್ದರಿಂದ ತಡವಾಗಿ ಹೋಗಬೇಡಿ, ಮುಂದಿನ ಸಾಲಿನಲ್ಲೇ ಕೂತುಕೊಳ್ಳಿ.