ಉಲ್ಲನ್ ಅಂದರೆ ಉಣ್ಣೆ ಅಲ್ಲ!

ಪ್ರಶ್ನೆ: ಅಕ್ಕಾ, ಈ ಸಲ ಮಣ್ಣೆತ್ತಿನ ಅಮಾವಾಸ್ಯೆಗೆ ಮಗನಿಗೆ ಆಡಲು ಒಂದು ಜೋಡಿ ಉಲ್ಲನ್ ಎತ್ತು ಮಾಡಿಕೊಡೋಣ ಅಂತ ನೀಡಲ್ ಫೆಲ್ಟಿಂಗ್ ಸೂಜಿ (ಎಳೆಗಳನ್ನು ಚುಚ್ಚಿ ಚುಚ್ಚಿ ಗಟ್ಟಿ ಗೊಂಬೆ ಮಾಡುವುದು) ಆನ್‌ಲೈನ್‌ನಲ್ಲಿ ತರಿಸಿದೆ. ಹುಬ್ಬಳ್ಳಿಗೆ ಹೋದಾಗ ದುರ್ಗದ ಬೈಲಿನ ಕಡೆ ಬಿಳಿ ಉಲ್ಲನ್ ಉಂಡೆ ತಂದೆ. ದಾರ ಸುತ್ತಿ ಸುತ್ತಿ ಚುಚ್ಚಿದ್ದೇ ಬಂತು, ಮೂರು ದಿನವಾದರೂ ಗಟ್ಟಿಯಾಗಲಿಲ್ಲ, ಕೈ ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಎರಡು ಸೂಜಿ ಬೇರೆ ಮುರಿದವು. ಮನೆಯವರು ‘ಎತ್ತು ಬಿಡು, ಕುರಿ ಅಂತ ಹೇಳಿಬಿಡು’ ಅಂತ ನಗ್ತಾರೆ. ನನ್ನ ಕೈಯೇ ಸರಿ ಇಲ್ವಾ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಮೊದಲು ಒಂದು ಮಾತು. ಮುರಿದ ಆ ಎರಡು ಸೂಜಿಯ ತುದಿ ಸಿಕ್ಕಿತಾ? ಸಿಗದಿದ್ದರೆ ಎತ್ತಿನ ಹೊಟ್ಟೆಯಲ್ಲೇ ಇರಬಹುದು. ಆ ಉಂಡೆಯನ್ನು ಮಗನ ಕೈಗೆ ಕೊಡಬೇಡಿ.

ಇನ್ನು ನಿಮ್ಮ ಕೈ ಸರಿಯಾಗೇ ಇದೆ, ಮೋಸ ಮಾಡಿದ್ದು ಹೆಸರು. ನಮ್ಮ ಕಡೆ ಸ್ವೆಟರ್ ಹೆಣೆಯುವ ದಾರಕ್ಕೆಲ್ಲ ಉಲ್ಲನ್ ಅಂತೇವೆ, ಅಂಗಡಿಯವರೂ ಹಾಗೇ ಅಂತಾರೆ, ಆದರೆ ಅಗ್ಗದ ಉಂಡೆಗಳಲ್ಲಿ ಜಾಸ್ತಿ ಇರೋದು ಅಕ್ರಿಲಿಕ್. ಪ್ಲಾಸ್ಟಿಕ್ ಎಳೆ ಅಂದುಕೊಳ್ಳಿ. ಅನುಮಾನವಿದ್ದರೆ ಬೆರಳುದ್ದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ಬೆಂಕಿ ತಾಗಿಸಿ ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗುತ್ತಾ ಉರಿದು ಕೊನೆಗೆ ಕರಿ ಮಣಿಯಾಗಿ ಗಟ್ಟಿಯಾಗುತ್ತದೆ. ಆರುವ ತನಕ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಉಣ್ಣೆಯ ಎಳೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು. ಎಳೆಯೂ ಗುಂಗುರು. ಫೆಲ್ಟಿಂಗ್ ಸೂಜಿಯನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು ಕಾಣುತ್ತವಲ್ಲ, ಅವು ಒಳಗೆ ಹೋಗುವಾಗ ಎಳೆಗಳನ್ನು ಹಿಡಿದು ಎಳೆದುಕೊಂಡು ಹೋಗುತ್ತವೆ, ಬರುವಾಗ ಅಲ್ಲೇ ಬಿಟ್ಟು ಬರುತ್ತವೆ. ಉಣ್ಣೆ ಅಲ್ಲಿ ಕಚ್ಚಿಕೊಂಡು ಕೂರುತ್ತದೆ. ಅಕ್ರಿಲಿಕ್ ನುಣುಪು, ಜಾರುತ್ತದೆ.

ಹಾಗಂತ ಆಗೋದೇ ಇಲ್ಲ ಅಂತಲ್ಲ. ಮಕ್ಕಳ ಪ್ರಾಜೆಕ್ಟಿಗೆ ತರುವ ಬಣ್ಣದ ಫೆಲ್ಟ್ ಹಾಳೆ ಸಾಮಾನ್ಯವಾಗಿ ಅಕ್ರಿಲಿಕ್ ಇಲ್ಲವೇ ಪಾಲಿಯೆಸ್ಟರೇ. ಇಂಥದೇ ಸೂಜಿಗಳನ್ನು ಸಾಲಾಗಿ ಮಷೀನಿಗೆ ಕೂರಿಸಿ ಚುಚ್ಚಿಸಿರುತ್ತಾರೆ. ನಿಮ್ಮ ತಪ್ಪು ಒಂದೇ, ದಾರವನ್ನು ದಾರವಾಗೇ ಚುಚ್ಚಿದ್ದು. ಹುರಿಯೊಳಗೆ ಸಿಕ್ಕಿಕೊಂಡ ಎಳೆ ಸೂಜಿಗೆ ಸಿಗುವುದು ಹೇಗೆ?

ನಾನೂ ಮಾಡಿ ನೋಡಿದ್ದೇನೆ. ದಾರವನ್ನು ಎರಡು ಮೂರು ಇಂಚಿಗೆ ಕತ್ತರಿಸಿ, ಹುರಿ ಬಿಚ್ಚಿ, ನಾಯಿ ಕೂದಲು ಬಾಚುವ ತಂತಿ ಬ್ರಷ್‌ನಲ್ಲಿ ಬಾಚಿದೆ. ಮೊದಲು ಶ್ಯಾವಿಗೆ ಹಾಗೆ ಇತ್ತು, ಬಾಚುತ್ತಾ ಬಾಚುತ್ತಾ ಹಿಂಜಿದ ಅರಳೆ ಹಾಗಾಯಿತು, ಮೂಗಿನೊಳಗೂ ಹೋಯಿತು, ಮಾಸ್ಕ್ ಹಾಕಿಕೊಳ್ಳಿ. ಆ ಅರಳೆಯನ್ನು ಅಡ್ಡ ಉದ್ದ ಹಾಸಿ, ಬಿಗಿಯಾಗಿ ಸುರುಳಿ ಸುತ್ತಿ ಚುಚ್ಚಿದೆ. ಕಿರ್ ಕಿರ್ ಅಂತ ಸದ್ದು ಬೇರೆ. ನಿಂಬೆಹಣ್ಣಿನಷ್ಟು ಉಂಡೆಗೆ ಒಂದು ಸಂಜೆಯೇ ಹೋಯಿತು. ಗಟ್ಟಿಯಾಯಿತು, ಆದರೆ ಉಣ್ಣೆಯಷ್ಟಲ್ಲ, ಒತ್ತಿದರೆ ಸ್ವಲ್ಪ ಸ್ಪಂಜು, ಮೈಯೆಲ್ಲ ನವಿರು ನವಿರು. ಕತ್ತರಿಯಲ್ಲಿ ಸವರಿದ ಮೇಲೆ ಪರವಾಗಿಲ್ಲ ಅನ್ನಿಸಿತು. ಇಸ್ತ್ರಿ ಮಾತ್ರ ತಾಗಿಸಬೇಡಿ, ಕೆಟ್ಟು ಹೋಗುತ್ತದೆ.

ಸೂಜಿಯ ನಂಬರ್ ನೋಡಿ ತನ್ನಿ. ನಂಬರ್ ಹೆಚ್ಚಾದಷ್ಟು ಸೂಜಿ ಸಣ್ಣ. 36 ದಪ್ಪ, ಆಕಾರ ಕೊಡಲು. 38 ನಡುವಿನದು. 40 ಕೊನೆಯಲ್ಲಿ ಮೈ ನಯ ಮಾಡಲು. ಹೇಗೆ ಒಳಗೆ ಹೋಯಿತೋ ಹಾಗೇ ಹೊರಗೆ ಬರಬೇಕು, ಒಳಗಿಟ್ಟು ಓರೆ ಮಾಡಿದಿರೋ ಲಟಕ್. ಕೆಳಗೆ ದಪ್ಪ ಸ್ಪಂಜು ಇರಲಿ, ತೊಡೆ ಮೇಲಂತೂ ಬೇಡವೇ ಬೇಡ.

ನನ್ನ ಕೇಳಿದರೆ ಮೈಗೆ ಉಣ್ಣೆ, ಸಿಂಗಾರಕ್ಕೆ ಅಕ್ರಿಲಿಕ್. ಜೂಲು, ಗೊಂಡೆ, ಬಾಲದ ತುದಿಯ ಕುಚ್ಚು, ಇವೆಲ್ಲ ನವಿರಾಗಿದ್ದರೇ ಚೆಂದ. ಬಣ್ಣವೂ ಅದರಲ್ಲೇ ಜಾಸ್ತಿ ಸಿಗುತ್ತವೆ. ಮೈಗೂ ಅಕ್ರಿಲಿಕ್ಕೇ ಬೇಕು ಅಂದರೆ ಎತ್ತು ಸಣ್ಣದಿರಲಿ. ಪೂಜೆಗೆ ಹೇಗೂ ಮಣ್ಣಿನ ಎತ್ತೇ ಬೇಕು, ಇವು ಆಟಕ್ಕೆ ತಾನೇ.

ಪ್ರಶ್ನೆ: ನಮ್ಮ ಮನೆಯಲ್ಲೇ ಕುರಿ ಇವೆ ಮೇಡಂ. ಕತ್ತರಿಸಿದ ಕರಿ ಉಣ್ಣೆ ಇಂಥ ಗೊಂಬೆಗೆ ಆಗುತ್ತದಾ?
— ಓದುಗರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಆಗುತ್ತದಾ ಅಂತ ಕೇಳ್ತೀರಲ್ಲ! ಮೇಡ್ಲೇರಿಯ ಕಂಬಳಿ ನಿಮ್ಮ ತಾಲ್ಲೂಕಿನದೇ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ, ಆದರೆ ಗೊಂಬೆಯ ಒಳಮೈಗೆ ಅದರಷ್ಟು ಒಳ್ಳೆಯದು ಬೇರೆ ಬೇಕಿಲ್ಲ. ಉಗುರುಬೆಚ್ಚಗಿನ ನೀರಿಗೆ ಚೂರು ಶಾಂಪೂ ಹಾಕಿ ನೆನೆಸಿಡಿ. ಜಿಡ್ಡು, ಮಣ್ಣು ತಾನಾಗೇ ಬಿಡಲಿ. ತಿಕ್ಕಬೇಡಿ, ತಿಕ್ಕಿದರೆ ಬಕೆಟ್‌ನಲ್ಲೇ ಗಂಟುಗಟ್ಟಿ ಕೂರುತ್ತದೆ. ನೆರಳಲ್ಲಿ ಒಣಗಿಸಿ, ಬಾಚಿ, ಚುಚ್ಚಿ. ನೇಕಾರರ ಹತ್ತಿರ ಉಳಿದ ನೂಲು ತರೋದಾದರೆ ಹುಣಸೆ ಬೀಜದ ಗಂಜಿ ಹಾಕುವ ಮೊದಲೇ ಕೇಳಿ. ಮೇಲೆ ಬಿಳಿ ಬೇಕಾದರೆ ಪದರ ದಪ್ಪ ಇರಲಿ, ಇಲ್ಲದಿದ್ದರೆ ಒಳಗಿನ ಕರಿ ಇಣುಕುತ್ತದೆ. ಕರಿ ಎತ್ತು ಇದ್ದರೆ ಏನಾಯ್ತು ಅನ್ನೋರು ಪುಣ್ಯವಂತರು, ಅರ್ಧ ಕೆಲಸ ಉಳಿಯಿತು.

ಪ್ರಶ್ನೆ: ಉಲ್ಲನ್ ಬ್ಯಾಗ್ ಹೆಣೆದು ಬಿಸಿ ನೀರು, ಸೋಪಿನಲ್ಲಿ ತಿಕ್ಕಿದರೆ ಕುಗ್ಗಿ ಗಟ್ಟಿಯಾಗುತ್ತದೆ ಅಂದರು. ಕುದಿಯುವ ನೀರಿಗೇ ಹಾಕಿದೆ. ಜೋತುಬಿದ್ದು ಉದ್ದವಾಯಿತು. ಸರಿ ಮಾಡಬಹುದಾ?
— ಓದುಗರು, ಬೆಟಗೇರಿ, ಗದಗ

ಉತ್ತರ: ಇಲ್ಲ. ಅದೂ ಅಕ್ರಿಲಿಕ್ಕೇ ಇರಬೇಕು. ಸೂಜಿಗಾದರೂ ಒಂದಿಷ್ಟು ಬಗ್ಗುತ್ತದೆ, ನೀರಿಗೆ, ಸೋಪಿಗೆ ಪೊರೆ ಇಲ್ಲದ ಎಳೆ ಕೂಡಿಕೊಳ್ಳುವುದಿಲ್ಲ. ಕುದಿ ನೀರಿಗೆ ಮೆತ್ತಗಾಗಿ ಜೋತದ್ದು ಮತ್ತೆ ಹಳೆಯ ಹಾಗೆ ಆಗುವುದಿಲ್ಲ. ಒಳಗೆ ಅಸ್ತರಿ ಹೊಲಿದು, ಹಿಡಿಕೆ ಮೋಟು ಮಾಡಿ ಸಂತೆಗೆ ತಗೊಂಡು ಹೋಗಿ, ಬದನೆಕಾಯಿ ಜಾಸ್ತಿ ಹಿಡಿಸುತ್ತವೆ.